ಹೂ ಕೊಡದ ಮಾರಮ್ಮ

ಹೋದ ವರ್ಷ ಯುಗಾದಿ ಕಳೆದ ವಾರ, ಮದ್ದೂರಿನಿಂದ ಬೆಸಗರಹಳ್ಳಿಗೆ ಬರುತ್ತಿದ್ದ ನಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಗದ್ದೆಗೆ ಇಳಿದು ವಾಲಿಕೊಂಡಿತು. ಕಂಡಕ್ಟರು ವಿಷಲ್ ಊದಿದ ಮರುಗಳಿಗೆಯೇ ಆದದ್ದು ಅದು. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಆದರೆ ಅಂದಿನಿಂದ ವಿಷಲ್ ಕೇಳಿದರೆ ಸಾಕು, ಅಂಗೈ ಬೆವರಿ, ಎದೆ ಹೊಡೆದುಕೊಂಡು, ಉಸಿರು ಕಟ್ಟಿದಂತಾಗುತ್ತಿತ್ತು.

ಮಾರಮ್ಮನ ಒಕ್ಕಲಿನವರೇ, ಇದನ್ನು ಓದಿ ನಗುವವರು ನಗಲಿ. ನಮ್ಮ ಮನೆಯವರಿಗೆ ಎರಡೂ ಕಿಡ್ನಿ ಕೆಟ್ಟಿವೆ. ಮಂಗಳವಾರ, ಶುಕ್ರವಾರ ಮಂಡ್ಯದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಾಲ್ಕು ಗಂಟೆ ಮಿಷನ್ನಿಗೆ ಹಾಕಿ ಬಿಟ್ಟ ಮೇಲೆ ಕಾಲಿನಲ್ಲಿ ತ್ರಾಣವಿರುವುದಿಲ್ಲ. ಜೊತೆಗೆ ನಾನಿರಲೇಬೇಕು. ನಾನೋ, ಬಸ್ಸು ಹತ್ತಿ, ವಿಷಲ್ ಕೇಳಿ, ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಿದ್ದೆ. ಅವರೊಬ್ಬರೇ ಹೋಗುತ್ತಿದ್ದರು. "ಎಂಗಸ್ರಿಗೆ ಬಸ್ಸು ಫ್ರೀ ಕಣ್ಲಾ, ಆದ್ರೂ ಇವಮ್ಮ ಕೂರಾಕಿಲ್ಲ" ಎಂದು ಜನ ಆಡಿಕೊಂಡರು.

ಇಳಿದವಳು ನೇರ ಊರ ಮಾರಮ್ಮನ ಗುಡಿಗೆ ಓಡುತ್ತಿದ್ದೆ. ತಾಯಿಯ ವಾರವೂ ಅವೇ ಅಲ್ಲವೇ! ಕೈಗೆ ದಾರ ಕಟ್ಟಿಸಿಕೊಂಡು ಕಂಬಕ್ಕೆ ಒರಗಿ ಕೂತರೆ ಎದೆ ಹಗುರವಾಗುತ್ತಿತ್ತು. ಎಂಥ ಭಕ್ತಿ ಎಂದು ಗುಡಿಗೆ ಬಂದವರು ಹೊಗಳಿದರು. ಮಣಿಕಟ್ಟಿನಲ್ಲಿ ಏಳು ದಾರ ಸೇರಿದವು. ಭಯ ಮಾತ್ರ ಬೆಳೆಯಿತು. ಬಸ್ಸಿನೊಳಗೆ ಬರುತ್ತಿದ್ದದ್ದು ಬಸ್ ಸ್ಟ್ಯಾಂಡಿನಲ್ಲೇ ಬರತೊಡಗಿತು. ಕೊನೆಗೆ ಮನೆಯಲ್ಲಿ ಕುಕ್ಕರು ಕೂಗಿದರೂ ಕುಸಿದು ಕೂರುತ್ತಿದ್ದೆ.

ನಮ್ಮಲ್ಲಿ ತಾಯಿಯ ಮೇಲೆ ಹೂವಿಟ್ಟು ಕೇಳುವುದುಂಟು. ಬಲಗಡೆ ಬಿದ್ದರೆ ತಾಯಿ ಹೂ ಕೊಟ್ಟಳೆಂದು ಒಪ್ಪಿಗೆ, ಎಡಗಡೆ ಬಿದ್ದರೆ ಇಲ್ಲ. ನನ್ನ ಭಯ ತೆಗಿ ಎಂದು ಮೂರು ಶುಕ್ರವಾರ ಕೇಳಿದೆ. ಒಂದು ಎಸಳೂ ಅಲುಗಲಿಲ್ಲ. ಮೂರನೆಯ ಶುಕ್ರವಾರವೇ ಮನೆಯವರು ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದರು. ಪಂಚರ್ ಅಂಗಡಿಯ ಸಾಬರು ನೀರು ಕುಡಿಸಿ, ಬಸ್ಸು ಹತ್ತಿಸಿ ಕಳಿಸಿದರಂತೆ. ಅವರ ಹಣೆ ಊದಿದ್ದು ನೋಡಿ ಗುಡಿಗೆ ಹೋದವಳೇ ಬಾಗಿಲಲ್ಲಿ ನಿಂತು ಕೂಗಿದೆ: "ಕಲ್ಲಾಗೇ ಕುಂತಿರು ನೀನು! ನಾನೇನ್ ಬಂಗಾರ ಕೇಳಿದ್ನಾ?"

ಪೂಜಾರಪ್ಪನಿಗೆ ಗಾಬರಿ. "ಬುಡು ಕಣವ್ವ, ಅಮ್ಮ ಮುನಿಸ್ಕತ್ತಾಳೆ."

"ಮುನಿಸ್ಕಳ್ಲಿ. ನಾನೂ ಮುನಿಸ್ಕಂಡಿವ್ನಿ" ಎಂದು ಬಂದುಬಿಟ್ಟೆ.

ಮನೆಯ ಜಗಲಿಯಲ್ಲಿ ಅಣ್ಣನ ಮಗಳು ರೇಖಾ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ಅವಳದು ಬಿ.ಎ. ಮೊದಲ ವರ್ಷ, ಮನಶ್ಶಾಸ್ತ್ರ. ದಿನವೂ ಗಂಟೆ ಬಾರಿಸಿ ಊಟ ಹಾಕಿದರೆ, ಕೊನೆಗೆ ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸುತ್ತದಂತೆ. "ನಿನ್ ವಿಷಲ್ಲೂ ಅಂಗೇ ಕಣತ್ತೆ" ಎಂದಳು.

"ನನ್ನ ನಾಯಿ ಜೊತೆ ಸೇರುಸ್ತೀಯೇನೆ?" ಎಂದು ರೇಗಿದೆ.

ಅವಳೇನೂ ಹೆದರಲಿಲ್ಲ. "ಬಸ್ಸಿಂದ ಇಳ್ದು ಓಡ್ದಾಗ ನಿಂಗೆ ನೆಮ್ಮದಿ ಆಯ್ತದಲ್ಲ, ಆ ನೆಮ್ಮದಿನೇ ಭಯಕ್ಕೆ ಮೇವು. ಪ್ರತಿ ಸಲ ನೀನೇ ಆಕ್ತಿದ್ದೀಯ. ಇಳೀದೆ ಕುಂತ್ಕೊಂಡ್ರೆ ಅದು ತಾನಾಗೇ ಕಮ್ಮಿ ಆಯ್ತದೆ."

ಆಗ ನನಗೆ ಹೊಳೆಯಿತು. ಆ ನೆಮ್ಮದಿ ನನಗೆ ಸಿಗುತ್ತಿದ್ದದ್ದು ಗುಡಿಯಲ್ಲಿ. ತಾಯಿಯನ್ನು ನಾನು ಅವಿತುಕೊಳ್ಳುವ ಜಾಗ ಮಾಡಿಕೊಂಡಿದ್ದೆ. ಅದಕ್ಕೆ ಅವಳು ಹೂ ಕೊಟ್ಟಿದ್ದರೆ ಅವಳೆಂಥ ತಾಯಿ!

ಮರುದಿನ ಏಳು ದಾರವನ್ನೂ ಬಿಚ್ಚಿ ಅವಳ ಪಾದದಲ್ಲಿಟ್ಟೆ. "ಎದ್ರುಕೊಂಡ್ ಓಡಿ ಬರಾಕಿಲ್ಲ. ಮಂಡ್ಯಕ್ಕೆ ಓಗಿ ಬಂದ್ಮೇಲೇ ಬತ್ತೀನಿ" ಎಂದೆ. ಹೂ ಕೇಳಲಿಲ್ಲ.

ರೇಖಾ ಒಂದು ವಿಷಲ್ ತಂದು ನಾನು ಉಣ್ಣುವಾಗ ಊದಿದಳು. ಮೊದಲ ದಿನ ಮುದ್ದೆ ಗಂಟಲಲ್ಲೇ ನಿಂತಿತು. ಎಂಟು ದಿನಕ್ಕೆ, ಊದುತ್ತಿರುವಾಗಲೇ ಸಾರಿಗೆ ಉಪ್ಪು ಸಾಲದು ಎನ್ನುವಷ್ಟು ಗಟ್ಟಿಯಾದೆ. ಆಮೇಲೆ ನಿಂತ ಬಸ್ಸಿನಲ್ಲಿ ಸುಮ್ಮನೆ ಕೂತು ಬಂದೆ. ಆಮೇಲೆ ಒಂದು ಸ್ಟಾಪು, ಆಮೇಲೆ ಮದ್ದೂರು.

ಒಂದು ಶುಕ್ರವಾರ ಮದ್ದೂರಿನಲ್ಲಿ ಇಬ್ಬರೂ ಮಂಡ್ಯದ ಬಸ್ಸು ಹತ್ತಿದೆವು. ವಿಷಲ್ ಆಯಿತು. ಅಂಗೈ ಬೆವರಿ, ಕಣ್ಣು ಕತ್ತಲಿಟ್ಟಿತು.

"ಇಳ್ಕೊ ಬುಡು, ನಾನೊಬ್ನೇ ಓಯ್ತೀನಿ" ಎಂದರು ನಮ್ಮವರು.

"ಸುಮ್ಕೆ ಕುಂತ್ಕಳಿ. ಬಂದ್ರೆ ಬರ್ಲಿ ಭಯ, ನಾನ್ ಇಳಿಯಾಕಿಲ್ಲ."

ಭಯ ಏರಿತು, ಇನ್ನೂ ಏರಿತು. ಸೀಟಿನ ಕಂಬಿ ಹಿಡಿದು ಕೂತೆ. ಗೆಜ್ಜಲಗೆರೆ ದಾಟುವಾಗ ಅದು ಇಳಿಯತೊಡಗಿತು. ಮಂಡ್ಯ ಬಂದಾಗ ನಾನು ಅಳುತ್ತಿದ್ದೆ, ಆದರೆ ಅವರ ಕೈ ಹಿಡಿದು ಇಳಿಸಿದವಳು ನಾನೇ.

ಈಗ ಕೆಲವರು, ನಿನ್ನನ್ನು ವಾಸಿ ಮಾಡಿದ್ದು ಪುಸ್ತಕ, ಮಾರಮ್ಮನಲ್ಲ ಎನ್ನುತ್ತಾರೆ. ಇನ್ನು ಕೆಲವರು, ದಾರ ಬಿಚ್ಚಿದ ಪಾಪ ತಟ್ಟುತ್ತದೆ ಎನ್ನುತ್ತಾರೆ. ಇಬ್ಬರಿಗೂ ಹೇಳುತ್ತೇನೆ, ಮೊರೆಯಿಟ್ಟವಳು ನಾನು. ಗುಡಿಯಲ್ಲಿ ಕೂಗಾಡಿ ಬಂದ ಗಳಿಗೆಯಲ್ಲೇ ಜಗಲಿಯ ಮೇಲೆ ಆ ಪಾಠ ತೆರೆದಿತ್ತಲ್ಲ, ಅದನ್ನು ತೆರೆದಿಟ್ಟವಳು ಯಾರೆಂದು ನನಗೆ ಗೊತ್ತು.

ಅಂಗೈ ಈಗಲೂ ಬೆವರುತ್ತದೆ. ಬೆವರಲಿ. ಶುಕ್ರವಾರ ಡಯಾಲಿಸಿಸ್ ಮುಗಿದ ಮೇಲೆ ಮಂಡ್ಯದಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು, ಅದೇ ಕೈಯಲ್ಲಿ ಹಿಡಿದು ಬಸ್ಸು ಹತ್ತುತ್ತೇನೆ. ಊರಿಗೆ ಬಂದು ತಾಯಿಗೆ ಮುಡಿಸುತ್ತೇನೆ. ಅವಳು ನನಗೆ ಹೂ ಕೊಡಲಿಲ್ಲ. ನಾನು ಕೊಡುತ್ತೇನೆ.