ಕೊಂಡಿಯವರ ದುರ್ಗವ್ವ ಕರೆದ ಸಭೆ

ಇಳಕಲ್ಲಿನ ನೇಕಾರರ ಓಣಿಗೆ ಹೋಗಿ ದುರ್ಗವ್ವನ ಮನೆ ಎಲ್ಲಿ ಅಂತ ಕೇಳಿದರೆ, ಮಂದಿ ಮೊದಲು ನಿಮ್ಮ ಮುಖ ನೋಡುತ್ತಾರೆ. ಕೆಲಸಕ್ಕೆ ಬಂದವರೋ, ಜಗಳಕ್ಕೆ ಬಂದವರೋ ಅಂತ. ಆಕೆಗೆ ಎರಡೂ ಬರುತ್ತವೆ, ಅದು ಓಣಿಗೆಲ್ಲ ಗೊತ್ತು.

ಚೊಳಚಗುಡ್ಡದ ಮಗಳು ಆಕೆ. ತಾಯಿ ಹಾಸಿಗೆ ಹಿಡಿದ ವರ್ಷ ಮೂರನೇತ್ತೆಗೇ ಸಾಲಿ ಬಿಟ್ಟಳು. ಹದಿನಾರು ತುಂಬುವುದರೊಳಗೆ ಇಳಕಲ್ಲಿನ ಗಾಳೆಪ್ಪನ ಕೈ ಹಿಡಿದು ಬಂದಳು. ಗಾಳೆಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ, ಈಕೆ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಂದು ನೂಲು, ಒಂದು ರೇಷ್ಮೆ. ಈ ಎರಡು ಹಾಸನ್ನು ಎಳೆಗೆ ಎಳೆ, ಕೊಕ್ಕೆಗೆ ಕೊಕ್ಕೆ ಸಿಗಿಸಿದ ಹಾಗೆ ಕೂಡಿಸುವುದೇ ಕೊಂಡಿ. ಗಂಟು ಹಾಕುವಂತಿಲ್ಲ, ಗಂಟು ಹಾಕಿದರೆ ಮಗ್ಗದ ಹಣಿಗೆಯ ಹಲ್ಲಿನಲ್ಲಿ ಸಿಕ್ಕು ಎಳೆ ಹರಿಯುತ್ತದೆ. ಸಾವಿರಾರು ಎಳೆ, ಬಗ್ಗಿದ ನಡು, ಕಣ್ಣಲ್ಲಿ ಕಣ್ಣಿಟ್ಟು ಕೂಡುವ ಕೆಲಸ. ಓಣಿಯಲ್ಲಿ ಇದನ್ನು ಮಾಡುವವರೆಲ್ಲ ಹೆಂಗಸರೇ. ಸೀರೆ ಯಾರು ನೇದದ್ದು ಅಂತ ಕೇಳುವವರುಂಟು, ಕೊಂಡಿ ಯಾರು ಹಾಕಿದ್ದು ಅಂತ ಕೇಳಿದವರನ್ನು ದುರ್ಗವ್ವ ಈ ಅರವತ್ತೆರಡು ವರ್ಷದಲ್ಲಿ ಕಂಡಿಲ್ಲ.

ಆಕೆಗೆ ಮೂವತ್ತೆಂಟಾದಾಗ ಗಂಡ ತೀರಿಕೊಂಡ. ದಿನಕರ್ಮ ಮುಗಿದ ಮೇಲೆ ಒಬ್ಬ ಸೀರೆ ವ್ಯಾಪಾರಿ ಬಂದು, ಮದುವೆ ಸೀರೆಯ ಕೊಂಡಿಗೆ ಇನ್ನು ಮುಂದೆ ನಿನ್ನ ಕೈ ಬೇಡ, ಮುತ್ತೈದೆಯರ ಕಡೆಯಿಂದ ಹಾಕಿಸುತ್ತೇನೆ ಅಂದ. ದುರ್ಗವ್ವ ಕಣ್ಣೊರೆಸಿಕೊಳ್ಳುವುದನ್ನು ಬಿಟ್ಟು ಎದ್ದು ನಿಂತಳು.

“ಹಿಂದಿನ ವರ್ಷ ನಾ ಕೊಂಡಿ ಹಾಕಿದ ಸೀರಿ ಉಟ್ಟು ನಿನ್ನ ಮಗಳು ಗಂಡನ ಮನಿಗೆ ಹೋದ್ಲು. ಮೊನ್ನೆ ಗಂಡು ಹಡದಾಳ. ಅವತ್ತೂ ಇದ ಕೈ, ಇವತ್ತೂ ಇದ ಕೈ. ಸೀರಿಯಿಂದ ಕೇಡು ತಗಲೂದಾದ್ರ ನನ್ನ ಗಂಡಗ ಯಾರ ಸೀರಿ ತಗಲಿತ್ತು, ಹೇಳು.”

ವ್ಯಾಪಾರಿ ತನ್ನ ಹಾಸು ಎತ್ತಿಕೊಂಡು ಹೋದ. ಎಂಟು ದಿನಕ್ಕೆ ಅವನ ಹಾಸು ಮತ್ತೆ ಆಕೆಯ ಮನೆಗೇ ಬಂತು. ಅಷ್ಟು ಹಸನಾಗಿ ಕೊಂಡಿ ಹಾಕುವ ಕೈ ಬೇರೆ ಸಿಕ್ಕಿರಲಿಲ್ಲ.

ಇಂಥಾಕೆಯನ್ನು ಅರವತ್ತರ ಹೊಸ್ತಿಲಲ್ಲಿ ನೇಕಾರರ ಸಂಘದ ಅಧ್ಯಕ್ಷೆ ಮಾಡಿದವನು ಹೊಳಬಸಪ್ಪ. ಸಂಘದ ಸೆಕ್ರೆಟರಿ, ಮಾತಿನಲ್ಲಿ ಬೆಣ್ಣೆ, ಲೆಕ್ಕದಲ್ಲಿ ಕಲ್ಲು. ಹತ್ತಾರು ದೇಶಗಳು ಕೂಡಿ ಮಾಡಿಕೊಂಡ ಒಂದು ಒಕ್ಕೂಟ ಆಗ ಇಲ್ಲಿಯ ಸಂಘದ ಕೈ ಹಿಡಿದಿತ್ತು. ಸೀರೆಗಳನ್ನು ಹೊರದೇಶಕ್ಕೆ ಮುಟ್ಟಿಸುತ್ತೇವೆ, ಆದರೆ ನಮ್ಮ ಕರಾರು ನಡೆಯಬೇಕು ಅಂದಿತ್ತು: ಅಧ್ಯಕ್ಷರು ಕೈಕೆಲಸದ ಹೆಂಗಸೇ ಆಗಿರಬೇಕು, ಬಟ್ಟೆಗೆ ಕೈ ಹಚ್ಚುವವರೆಲ್ಲ ಮೆಂಬರಾಗಬೇಕು, ಕಾಯ್ದೆ ಪುಸ್ತಕ ಕನ್ನಡದಲ್ಲಿ ಅಚ್ಚಾಗಿ ಎಲ್ಲರ ಮನೆ ಮುಟ್ಟಬೇಕು. ಹೊಳಬಸಪ್ಪ ಎಲ್ಲಕ್ಕೂ ಹೂಂ ಅಂದ. ಮೂರನೇತ್ತೆ ಕಲಿತವಳು, ಹಿಂದೆ ಗಂಡನಿಲ್ಲ, ತೋರಿಸಿದಲ್ಲಿ ಸಹಿ ಮಾಡುತ್ತಾಳೆ ಅಂತ ದುರ್ಗವ್ವನನ್ನು ಕುರ್ಚಿಗೆ ಕೂಡಿಸಿದ.

ಅವನ ಎಣಿಕೆ ಪೂರಾ ತಪ್ಪಿರಲಿಲ್ಲ ಅನ್ನುವುದೇ ದುರ್ಗವ್ವನಿಗೆ ಈಗಲೂ ಚುಚ್ಚುವ ಮಾತು. ಮೂರು ವರ್ಷ ಆಕೆ ಸಹಿ ಮಾಡಿದಳು. ಸಭೆ ಅನ್ನುವುದು ಒಂದೂ ಆಗಲಿಲ್ಲ. ಸಂಘದ ನಿರ್ಣಯ ಬರೆಯುವ ಠರಾವು ಪುಸ್ತಕ ಮನೆಗೆ ಬರುತ್ತಿತ್ತು, ಹೊಳಬಸಪ್ಪ ಬೆರಳಿಟ್ಟು ತೋರಿಸುತ್ತಿದ್ದ, ಈಕೆ ಕೈಯ ಕೆಲಸ ಬಿಡದೆ ಹೆಸರು ಗೀಚಿ ಕಳಿಸುತ್ತಿದ್ದಳು. ಒಕ್ಕೂಟಕ್ಕೆ ವರದಿ ಹೋಗುತ್ತಿತ್ತು. ಕಡೆಗೆ ಅಲ್ಲಿಂದ ‘ಮಾದರಿ ಸಂಘ’ ಅನ್ನುವ ಹಿತ್ತಾಳೆ ಫಲಕವೂ ಬಂತು.

ನಾಲ್ಕನೇ ವರ್ಷ ಒಕ್ಕೂಟದಿಂದ ಎರಡು ಸುದ್ದಿ ಒಟ್ಟಿಗೇ ಬಂದವು. ಒಂದು, ವರ್ಷದ ಕಡೆಗೆ ವೋಟಿನ ಚೀಟಿ ಹಾಕಿ ಹೊಸ ಮಂಡಳಿ ಆರಿಸಬೇಕು. ಇನ್ನೊಂದು, ನೇಪಾಳದಿಂದ ಮಂದಿ ಬರುತ್ತಾರೆ. ಆ ದೇಶದಲ್ಲಿ ರಾಜನ ಆಳಿಕೆ ಹೋಗಿ ಕಾಯ್ದೆಗಳೆಲ್ಲ ಹೊಸದಾಗಿದ್ದವು. ಸಂಘಗಳನ್ನೂ ತಿದ್ದಿಕೊಳ್ಳಿ, ಆಗಲೇ ನಮ್ಮ ಜೊತೆ ನಿಮ್ಮನ್ನು ಸೇರಿಸಿಕೊಳ್ಳುತ್ತೇವೆ ಅಂತ ಒಕ್ಕೂಟ ಅವರಿಗೂ ಹೇಳಿತ್ತು. ಹೇಗೆ ತಿದ್ದಿಕೊಳ್ಳುವುದು ಅಂತ ಅವರು ಕೇಳಿದ್ದಕ್ಕೆ, ಹೋಗಿ ಇಳಕಲ್ ನೋಡಿ ಬರ್ರಿ ಅಂದಿತ್ತು.

ನೋಡಲಿಕ್ಕೆ ಇಳಕಲ್ಲಿನಲ್ಲಿ ಒಂದು ಹಿತ್ತಾಳೆ ಫಲಕವಿತ್ತು.

ಒಂದು ದಿನ ಹೊಳಬಸಪ್ಪ ಠರಾವು ಪುಸ್ತಕ ತಂದ. ಹುನಗುಂದದ ಬಸ್ಸು ಹೊರಟುಬಿಟ್ಟಿದೆ ಅಂತ ಫೋನ್ ಬಂದದ್ದಕ್ಕೆ, ಸಹಿ ಮಾಡಿಡ್ರಿ ಅಕ್ಕಾರ, ನಾಳೆ ಒಯ್ತೇನಿ ಅಂತ ಪುಸ್ತಕ ಅಲ್ಲೇ ಇಟ್ಟು ಓಡಿದ. ಆವತ್ತು ಕೊಂಡಿಗೆ ಹಾಸು ಬಂದಿರಲಿಲ್ಲ, ದುರ್ಗವ್ವನ ಕೈ ಖಾಲಿಯಿತ್ತು. ಅಕ್ಷರ ಅಕ್ಷರ ಕೂಡಿಸಿ ಓದುತ್ತ ಕೂತಳು. ಮಗ್ಗ ಯಾರ ಹೆಸರಿನಲ್ಲಿದೆಯೋ ಅವರಷ್ಟೇ ನೇಕಾರರು. ಕೊಂಡಿ ಹಾಕುವವರು ಬರೇ ಕೈಯಾಳುಗಳು. ಕಾರಣ ಕೆಳಗಿನ ನಲವತ್ತೊಂದು ಮಂದಿಯನ್ನು ಮೆಂಬರ್ ಪಟ್ಟಿಯಿಂದ ತೆಗೆಯಲಾಗಿದೆ. ಮೊದಲನೇ ಹೆಸರು ಬದಿಯ ಮನೆಯ ಸಂಗವ್ವನದು. ಮೂವತ್ತು ವರ್ಷದಿಂದ ದುರ್ಗವ್ವನ ಎದುರಿಗೆ ಕೂತು ಕೊಂಡಿ ಹಾಕಿದಾಕೆ. ಕೊಂಡಿಯವರಲ್ಲಿ ಕುರ್ಚಿಗೆ ಬೇಕಾದ ದುರ್ಗವ್ವನ ಹೆಸರೊಂದನ್ನೇ ಬಿಟ್ಟಿತ್ತು.

ಚೀಟಿ ಎಣಿಸುವ ಮೊದಲೇ ಚೀಟಿ ಹಾಕುವವರನ್ನು ಕಳೆಯುವ ಹಂಚಿಕೆ ಇದು ಅಂತ ತಿಳಿಯಲು ಮೂರನೇತ್ತೆ ಸಾಕಾಯಿತು.

ಮರುದಿನ ಪುಸ್ತಕ ಒಯ್ಯಲು ಬಂದ ಹೊಳಬಸಪ್ಪನಿಗೆ ಸಹಿ ಸಿಗಲಿಲ್ಲ. ಇದು ಒಕ್ಕೂಟದವರದೇ ಕಾಯ್ದೆ, ನನ್ನದೇನಿಲ್ಲ ಅಂದ. ಪರದೇಶದವರು ಬರುವ ಹೊತ್ತಿನಲ್ಲಿ ಊರಿನ ಮಾನ ಕಳೆಯಬೇಡಿ ಅಂದ. ಕಡೆಗೆ ದನಿ ಏರಿತು.

“ನಿಮ್ಮನ್ನ ಕುರ್ಚಿಗೆ ಕುಂದ್ರಿಸಿದಾಂವ ನಾನ, ಅಕ್ಕಾರ. ಅದನ್ನರ ನೆನಪ ಇಟಗೋರಿ.”

“ಇಟ್ಟೇನಿ, ತಮ್ಮಾ. ಕುಂದ್ರಿಸಿದಾಂವ ನೀನ. ಏಳಾಕಿ ನಾನ.”

ಅವನು ಪುಸ್ತಕ ಕಿತ್ತುಕೊಂಡು ಹೋದ. ದುರ್ಗವ್ವ ಟ್ರಂಕಿನ ತಳ ತೆಗೆದಳು. ಸೀರೆಗಳ ಕೆಳಗೆ ಹಾಸಿದ್ದ ಹಾಳೆಗಳ ನಡುವೆ ಆ ಕನ್ನಡದ ಕಾಯ್ದೆ ಪುಸ್ತಕವಿತ್ತು. ನಾಲ್ಕು ವರ್ಷದಲ್ಲಿ ಓಣಿಯಲ್ಲಿ ಅದನ್ನು ಬಿಚ್ಚಿದವರು ಯಾರೂ ಇರಲಿಕ್ಕಿಲ್ಲ. ಎರಡು ದಿನ ಹಿಡಿಯಿತು ಓದಲಿಕ್ಕೆ. ಹನ್ನೊಂದನೇ ಕಲಮಿಗೆ ಬಂದು ಬೆರಳು ನಿಂತಿತು: ಸಂಘದ ಬೋರ್ಡಿಗೆ ಏಳು ದಿನ ಮೊದಲು ನೋಟೀಸು ಹಚ್ಚಿ ಅಧ್ಯಕ್ಷರು ಸರ್ವ ಸದಸ್ಯರ ಸಭೆ ಕರೆಯಬಹುದು.

ಆಕೆ ಒಂದು ಹಾಳೆಯ ಮೇಲೆ ಸ್ವಂತ ಕೈಯಲ್ಲಿ ಬರೆದಳು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ನೇಪಾಳದವರು ಬರುವ ದಿನವೇ, ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ವಿಷಯ, ಕೊಂಡಿಯವರು ಮೆಂಬರು ಹೌದೋ ಅಲ್ಲವೋ. ಹಾಡುಹಗಲಲ್ಲೇ ಹೋಗಿ ಬೋರ್ಡಿಗೆ ಹಚ್ಚಿ ಬಂದಳು. ಒಂದು ಹಳೆ ಲಗ್ನಪತ್ರಿಕೆ, ಯಾರದೋ ತಿಥಿಯ ಚೀಟಿ, ಅದರ ಬಾಜೂಕ್ಕೆ ಈಕೆಯ ನೋಟೀಸು. ಮುಚ್ಚಿಡುವುದು ಏನೂ ಇರಲಿಲ್ಲ. ನಲವತ್ತೊಂದು ಮನೆಗೂ ನಡೆದು ಹೋಗಿ ಹೇಳಿದಳು. ಕೊಂಡಿ ಹೆಂಗಸರೆಲ್ಲ ಆವತ್ತು ಬರುತ್ತಾರೆ ಅನ್ನುವುದು ಹೊಳಬಸಪ್ಪನ ಕಿವಿಗೂ ಬಿತ್ತು. ಪರದೇಶದವರನ್ನು ನೋಡುವ ಹುಚ್ಚು ಅಂತ ತಿಳಿದು, ಬರಲಿ, ಗದ್ದಲ ಇದ್ದಷ್ಟೂ ಚಂದ ಅಂದ. ಬೋರ್ಡಿನ ಮೇಲೆ ಏನು ಬರೆದಿದೆ ಅಂತ ಅವನು ನೋಡಲಿಲ್ಲ. ಸಭೆಯೇ ಆಗದ ಸಂಘದಲ್ಲಿ ಬೋರ್ಡು ಯಾರು ಓದುತ್ತಾರೆ?

ಆ ದಿನ ಮಗ್ಗದವರು, ಕೊಂಡಿಯವರು ಎಲ್ಲ ಸಂಘದ ಮುಂದೆ ಕೂಡಿದರು. ಒಕ್ಕೂಟದ ಪರವಾಗಿ ಬೆಂಗಳೂರಿನಿಂದ ಸಪ್ನಾ ಅನ್ನುವ ಅಧಿಕಾರಿ, ಜೊತೆಗೆ ನೇಪಾಳದ ಇಬ್ಬರು ಸಾಹೇಬರು, ಒಬ್ಬ ಹೆಂಗಸು. ಆಕೆಯ ಹೆಸರು ಮನಮಾಯಾ. ಅಲ್ಲಿಯ ಗುಡ್ಡಗಾಡಿನಲ್ಲಿ ನೇಯುವಾಕೆ, ಅಲ್ಲಿಯ ನೇಕಾರರ ಸಂಘಕ್ಕೆ ಉಪಾಧ್ಯಕ್ಷೆ. ಹೊಳಬಸಪ್ಪ ಹಾರ ಹಾಕಿದ, ಭಾಷಣ ಮಾಡಿದ. ದುರ್ಗವ್ವನಿಗೆ ಮೂರು ಮಾತು ಬಾಯಿಪಾಠ ಮಾಡಿಸಿದ್ದ: ನಾನು ಅಧ್ಯಕ್ಷೆ, ನಮ್ಮಲ್ಲಿ ಎಲ್ಲರೂ ಸಮಾನರು, ಒಕ್ಕೂಟಕ್ಕೆ ನಮಸ್ಕಾರ.

ಆಕೆ ಬಾಯಿ ತೆಗೆಯುವ ಮೊದಲೇ ಮನಮಾಯಾ ಹಿಂದಿಯಲ್ಲಿ ಕೇಳಿದಳು, ಇಲ್ಲಿ ತೀರ್ಮಾನ ಮಾಡುವವರು ಯಾರು ಅಂತ. ಹೊಳಬಸಪ್ಪ ಮುಂದೆ ಬಂದು, ಅಧ್ಯಕ್ಷೆಯವರೇ, ಎಲ್ಲ ಅವರದೇ ಅಂದ. ದುರ್ಗವ್ವನಿಗೆ ಹಿಂದಿ ಬರುವುದಿಲ್ಲ ಅಂತ ಅವನ ನಂಬಿಕೆ. ಬಣ್ಣ ಹಾಕುವ ಖಾಸಿಂಸಾಬನ ಮನೆಯವರೊಡನೆ ಒಂದೇ ನಳದ ನೀರು ಹಿಡಿದು ನಲವತ್ತು ವರ್ಷ ಕಳೆದವಳಿಗೆ ಅದು ಬರದೆ ಏನು? ಆಕೆ ಆ ಓಣಿಯ ಹಿಂದಿಯಲ್ಲೇ, ತಡೆಯದೆ ಹೇಳಿದಳು.

“ಇವ ಹೇಳೂದು ಸುಳ್ಳು. ಇಲ್ಲೀತನಕ ಎಲ್ಲಾ ಇವಂದ. ಮೂರು ವರ್ಷ ಓದದ ಸಹಿ ಮಾಡೇನಿ, ಆ ತಪ್ಪು ನಂದು. ಕಾಗದ ನೋಡಾಕ ಬಂದಿದ್ರ ಇವನ ಕಪಾಟ ತಗಸ್ರಿ. ಸಂಘ ನೋಡಾಕ ಬಂದಿದ್ರ ಕುಂದರ್ರಿ, ಹನ್ನೊಂದಾತು, ಸಭಾ ಸುರು ಮಾಡ್ತೇನಿ.”

ಹೊಳಬಸಪ್ಪ ನಕ್ಕ. ಸಭೆ ಅಂದರೆ ಸುಮ್ಮನೆ ಆಗುವುದಿಲ್ಲ, ಏಳು ದಿನದ ನೋಟೀಸು ಬೇಕು, ಅಕ್ಕಾರಿಗೆ ಪಾಪ ಕಾಯ್ದೆ ಗೊತ್ತಿಲ್ಲ ಅಂತ ಸಪ್ನಾ ಮೇಡಂಗೆ ತಿಳಿಸಿ ಹೇಳಿದ. ಸಪ್ನಾ ಫೋನ್ ತೆಗೆದು ಅವನ ಮುಂದೆ ಹಿಡಿದಳು.

“ನೋಟೀಸ್ ಇದೆಯಲ್ಲ ಸರ್. ನೀವೇ ಫೋಟೋ ಕಳಿಸಿದ್ದೀರಿ.”

ಕಳಿಸಿದ್ದು ಖರೆ. ಬೋರ್ಡು ದಿನಾ ಬಳಕೆಯಲ್ಲಿದೆ ಅಂತ ತೋರಿಸಲು ಎಂಟು ದಿನದ ಹಿಂದೆ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ, ತಾನೇ ಫೋಟೋ ಹೊಡೆದು ಒಕ್ಕೂಟಕ್ಕೆ ಮುಟ್ಟಿಸಿದ್ದ. ಹೂವಿನ ನಡುವೆ, ತಾರೀಖಿನ ಸಮೇತ, ದುರ್ಗವ್ವನ ಸೊಟ್ಟ ಅಕ್ಷರಗಳು ನಿಚ್ಚಳವಾಗಿ ಕಾಣುತ್ತಿದ್ದವು. ಹೊಳಬಸಪ್ಪ ಫೋಟೋ ನೋಡಿದ, ಬೋರ್ಡು ನೋಡಿದ.

ಹಿಂದೆ ಕೂತ ಸಂಗವ್ವ, “ಸೆಕ್ರೆಟರಿಗೋಳ ಕಣ್ಣಿಗೆ ಪೊರಿ ಬಂದೈತಿ, ದವಾಖಾನಿಗೆ ಕರಕೊಂಡು ಹೋಗ್ರಿ ಯಾರರ” ಅಂದಳು. ಸಭೆ ನಗುವಿನಿಂದಲೇ ಸುರುವಾಯಿತು.

ದುರ್ಗವ್ವ ಎದ್ದು ನಿಂತು, ನಲವತ್ತೊಂದು ಹೆಸರು ತೆಗೆಯುವ ಠರಾವನ್ನು ಇದ್ದದ್ದು ಇದ್ದಂತೆ ಹೇಳಿದಳು. ಕೊಂಡಿಯವರು ಮೆಂಬರು ಅಲ್ಲ ಅನ್ನುವವರು ಮೊದಲು ಕೈ ಎತ್ತಿ ಅಂದಳು. ಮಗ್ಗದ ಮನೆಯ ಇಬ್ಬರು ಹೆಂಗಸರು ಕೈ ಎತ್ತಿದರು, ಒಬ್ಬಾಕೆ ಮತ್ತೆ ಇಳಿಸಿದಳು. ಹೌದು ಅನ್ನುವವರು ಅಂದಾಗ ಕೊಂಡಿಯವರಷ್ಟೇ ಅಲ್ಲ, ಮಗ್ಗದವರೂ ಬಹಳ ಮಂದಿ ಎತ್ತಿದರು. ಠರಾವು ಬರೆ ಅಂದರೆ ಹೊಳಬಸಪ್ಪ ಪೆನ್ನಿನ ಮಸಿ ತೀರಿದೆ ಅಂದ. ದುರ್ಗವ್ವ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತಾನೇ ಬರೆದಳು. ಒಂದೊಂದು ಸಾಲಿಗೂ ಭಾಳ ಹೊತ್ತಾಯಿತು. ಸಾಹೇಬರು ಗಡಿಯಾರ ನೋಡಿಕೊಂಡರು, ಉಪ್ಪಿಟ್ಟು ಆರಿತು, ಆಕೆ ಅವಸರ ಮಾಡಲಿಲ್ಲ.

ಬರೆದು ಮುಗಿದ ಮೇಲೆ ಮನಮಾಯಾ ಬಂದು ಬದಿಗೆ ಕೂತಳು. ತಮ್ಮಲ್ಲೂ ಕಾಯ್ದೆ ಚಂದ ಬರೆದಿದ್ದಾರೆ, ತಾನು ಉಪಾಧ್ಯಕ್ಷೆ, ಆದರೆ ಫೈಲು ಮನೆಗೆ ಬರುತ್ತದೆ, ಮೈದುನ ಬೆರಳಿಟ್ಟು ತೋರಿಸುತ್ತಾನೆ ಅಂದಳು. ಒಂದು ಕಡೆಯಾದರೂ ಇದು ಖರೆ ನಡೆಯುತ್ತದೇನೋ ನೋಡೋಣ ಅಂತ ಮೂರು ದಿನದ ದಾರಿ ಬಂದೆ ಅಂದಳು. ದುರ್ಗವ್ವ ಅದಕ್ಕೆ, ಇವತ್ತಿನಿಂದ ನಡೆಯುತ್ತದೆ, ನಿನ್ನೆ ಬಂದಿದ್ದರೆ ಇಲ್ಲಿ ಏನೂ ಇರಲಿಲ್ಲ ಅಂದಳು.

ಇಷ್ಟಕ್ಕೆ ಮುಗಿಯಲಿಲ್ಲ. ತಿಂಗಳೊಪ್ಪತ್ತಿಗೆ ಒಕ್ಕೂಟದಿಂದ ಇಂಗ್ಲಿಷಿನಲ್ಲಿ ಉದ್ದನೆಯ ಪತ್ರ ಬಂತು. ಮೂರು ವರ್ಷದ ವರದಿ ಸುಳ್ಳು, ಕಾರಣ ಮಾದರಿ ಫಲಕ ವಾಪಸು. ಮುಂದೆಯೂ ಜೊತೆಗಿರಬೇಕಾದರೆ ಈ ಹೊಸ ಕರಾರುಗಳಿಗೆ ಸಹಿ ಬೇಕು. ಫಲಕವನ್ನು ದುರ್ಗವ್ವ ಅವತ್ತೇ ಕೀಳಿಸಿ ಗೋಣಿಯಲ್ಲಿ ಕಟ್ಟಿ ಕಳಿಸಿದಳು. ಓಣಿಯಲ್ಲಿ ಗೊಣಗಾಟ ಎದ್ದಿತು. ಇದ್ದದ್ದನ್ನೂ ಕಳೆದಳು ಮುದುಕಿ ಅಂದರು, ಕೊಂಡಿಯವರಲ್ಲೇ ಕೆಲವರು ಅಂದರು. ಆಕೆ ಕೇಳಿಸಿಕೊಂಡಳು, ಪತ್ರಕ್ಕೆ ಸಹಿ ಮಾತ್ರ ಮಾಡಲಿಲ್ಲ. ಸಪ್ನಾ ಮೇಡಂ ಫೋನ್ ಮಾಡಿದಳು.

“ಇದೆಲ್ಲ ನಿಮ್ಮ ಒಳ್ಳೆಯದಕ್ಕೇ ಅಮ್ಮಾ. ಕಡೇ ಪುಟದಲ್ಲಿ ಒಂದು ಸಹಿ ಮಾಡಿ ಕಳಿಸಿಬಿಡಿ, ಸಾಕು.”

“ಹೊಳಬಸಪ್ಪನೂ ಹಿಂಗ ಅಂತಿದ್ದ ರೀ, ಮೇಡಮ್ಮಾರ. ನಮಗ ತಿಳಿಯೂ ಮಾತಿನ್ಯಾಗ ಬರದು ಕಳಸ್ರಿ. ಸಭಾದಾಗ ಓದಸ್ತೇನಿ. ಮಂದಿ ಒಪ್ಪಿದ್ರ ಸಹಿ.”

ಮೇಲಿನವರನ್ನು ಕೇಳಬೇಕು ಅಂದಳು ಸಪ್ನಾ. ಕೇಳ್ರಿ, ನಾವೂ ನಮ್ಮವರನ್ನ ಕೇಳಬೇಕು ಅಂದಳು ದುರ್ಗವ್ವ.

ಹತ್ತೊಂಬತ್ತು ದಿನಕ್ಕೆ ಕನ್ನಡದ ಪತ್ರ ಬಂತು. ಹನ್ನೆರಡು ಹಾಳೆ. ಮೂರು ಸಭೆ ಹಿಡಿಯಿತು ಓದಿ ಮುಗಿಸಲು. ಸಂಗವ್ವ ಒಂದೊಂದು ಕಲಮಿಗೂ ತಕರಾರು ತೆಗೆದಳು. ಲೆಕ್ಕಪತ್ರ ತೆರೆದಿಡಬೇಕು ಅನ್ನುವುದಕ್ಕೆ ಎಲ್ಲರೂ ಒಪ್ಪಿದರು, ಚೀಟಿ ಹಾಕುವುದಕ್ಕೂ ಒಪ್ಪಿದರು. ಸೆಕ್ರೆಟರಿಯನ್ನು ಒಕ್ಕೂಟವೇ ನೇಮಿಸುತ್ತದೆ ಅನ್ನುವುದಕ್ಕೆ ಒಪ್ಪಲಿಲ್ಲ. ಇಂಥದೇ ನಮೂನೆ ನೇಯಬೇಕು ಅನ್ನುವುದಕ್ಕೂ ಒಪ್ಪಲಿಲ್ಲ. ದುರ್ಗವ್ವ ಆ ಎರಡು ಕಲಮಿನ ಎದುರಿಗೆ ‘ಇಲ್ಲ’, ‘ಇಲ್ಲ’ ಅಂತ ದಪ್ಪಗೆ ಬರೆದು, ಕೆಳಗೆ ತನ್ನ ಹೆಸರು ಹಾಕಿದಳು.