ಹೊಳೆ ತಿಂದ ಓಲೆ

ಹೊಳೆಯ ದಂಡೆಯಲ್ಲಿ ತಲೆ ತಗ್ಗಿಸಿ ನಿಧಾನವಾಗಿ ನಡೆಯುವ ಹೆಂಗಸನ್ನು ನಮ್ಮ ಜನ ಎರಡೇ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಒಂದೋ ಅವಳಿಗೆ ಮನೆಯಲ್ಲಿ ಏನೋ ಕಷ್ಟ, ಇಲ್ಲವೇ ಅವಳು ಚಿನ್ನದ್ದೇನೋ ಕಳೆದುಕೊಂಡಿದ್ದಾಳೆ. ಇದೊಂದು ಚಟವೂ ಆಗಿರಬಹುದು ಎಂದು ಯಾರಿಗೂ ತೋಚುವುದಿಲ್ಲ. ನನಗೆ ಆ ಚಟ ಇದೆ, ಏನು ಮಾಡುವುದು ಹೇಳಿ.

ನಾನು ಸಕಲೇಶಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಬೇಸಿಗೆಯಲ್ಲಿ ಹೇಮಾವತಿ ಸೊರಗಿ ಕಲ್ಲು, ಮರಳು ಹೊರಬಿದ್ದ ಕೂಡಲೇ, ಊರು ಮುಗಿದು ಹೊಳೆ ತಿರುಗುವ ಕಡೆಗೆ ಹೋಗಿ ದಂಡೆಯುದ್ದಕ್ಕೂ ಕಣ್ಣಾಡಿಸುತ್ತೇನೆ. ಗುದ್ದಲಿ ಇಲ್ಲ, ಜರಡಿ ಇಲ್ಲ, ಕೀಂ ಕೀಂ ಎನ್ನುವ ಯಂತ್ರವೂ ಇಲ್ಲ. ಹೊಳೆ ತಾನಾಗಿ ತೋರಿಸಿದ್ದನ್ನು ಮಾತ್ರ ಎತ್ತಿಕೊಳ್ಳಬೇಕು, ಅಗೆದು ತೆಗೆಯಬಾರದು ಎಂಬುದು ನನ್ನ ಸಿದ್ಧಾಂತ. ಹೀಗೆ ಹೇಳಿದರೆ ಘನವಾಗಿ ಕೇಳಿಸುತ್ತದೆ. ನಿಜವಾದ ಕಾರಣ ಸೊಂಟನೋವು.

ಇಷ್ಟು ವರ್ಷದ ಸಂಪಾದನೆ ನಮ್ಮ ವರಾಂಡದ ಒಂದು ಬುಟ್ಟಿಯಲ್ಲಿದೆ. ಗೋಲಿ ಸೋಡಾ ಬಾಟಲಿಯ ಕತ್ತು, ಒಂದು ತೂತಿನ ಕಾಸು, ತುಕ್ಕು ಹಿಡಿದ ಎತ್ತಿನ ಲಾಳ, ನೀಲಿ ಹೂವಿನ ಪಿಂಗಾಣಿ ಬಸಿಯ ಒಂದು ಚೂರು. ಈ ಬಸಿ ಯಾವುದೋ ದೊರೆ ಬಂಗಲೆಯದು, ಅಡುಗೆಯವನು ಒಡೆದು ದೊರೆಸಾನಿಗೆ ಗೊತ್ತಾಗದ ಹಾಗೆ ಹೊಳೆಗೆ ಎಸೆದಿದ್ದಾನೆ ಎಂಬುದು ನನ್ನ ಸಂಶೋಧನೆ. ಆಧಾರ ಕೇಳಿದರೆ, ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ ಎನ್ನುವುದಷ್ಟೇ. ಇನ್ನೊಂದು ಹಳೇ ಹೆಂಚಿನ ತುಂಡು, ಅದರ ಮೇಲೆ ಅಚ್ಚೊತ್ತಿದ ಅರ್ಧ ಆನೆ. ಅದನ್ನು ಭಾರೀ ಸಂಭ್ರಮದಿಂದ ತರಗತಿಗೆ ಒಯ್ದು ತೋರಿಸಿದೆ. ಮಕ್ಕಳು ಆಕಳಿಸಿದರು. ನಮ್ಮ ಕಡೆ ಪೂರ್ತಿ ಆನೆಯೇ ತೋಟಕ್ಕೆ ನುಗ್ಗಿ ಬಾಳೆ ಮುರಿದು ಹೋಗುತ್ತಿರುವಾಗ ಈ ಅರ್ಧ ಆನೆಗೆ ಯಾರು ಬೆಲೆ ಕೊಡುತ್ತಾರೆ?

ನಮ್ಮ ಯಜಮಾನರದು ಪಂಪ್‌ಸೆಟ್ ರಿಪೇರಿ ಅಂಗಡಿ. ಹಳೇ ಕಬ್ಬಿಣವನ್ನು ಅವರೂ ಮನೆಗೆ ತರುತ್ತಾರೆ. ಆದರೆ ಅವರು ತಂದರೆ ಅದು ಸ್ಪೇರ್ ಪಾರ್ಟು, ನಾನು ತಂದರೆ ಗುಜರಿ. "ಪುರಾತತ್ವ ಇಲಾಖೆಯವರು ಬಂದ್ರಾ? ಇವತ್ತು ಯಾವ ರಾಜನ ಕಾಲದ್ದು ಸಿಕ್ತು?" ಎನ್ನುವುದು ನಾನು ಚಪ್ಪಲಿ ಬಿಡುವಾಗ ಅವರು ದಿನಾ ಕೇಳುವ ಪ್ರಶ್ನೆ.

ಹುಡುಕುವುದರಲ್ಲೂ ಒಂದು ಗುಟ್ಟಿದೆ. ವಸ್ತುವನ್ನು ಹುಡುಕಬಾರದು. ದುಂಡಗಿನದು, ನೆಟ್ಟಗಿನದು ಎಲ್ಲಿದೆ ಎಂದಷ್ಟೇ ನೋಡಬೇಕು. ಹೊಳೆ ತಾನಾಗಿ ಮಾಡಿದ್ದರಲ್ಲಿ ಸರಿಯಾದ ದುಂಡು, ಸರಿಯಾದ ಗೆರೆ ಬಲು ಅಪರೂಪ. ಅಂಥದ್ದು ಕಂಡರೆ ಅಲ್ಲಿ ಮನುಷ್ಯನ ಕೈ ಆಡಿದೆ ಎಂದೇ ಲೆಕ್ಕ. ಭಾರದ ಸಾಮಾನನ್ನು ಹೊಳೆ ತಿರುವಿನ ಒಳಮಗ್ಗುಲಲ್ಲಿ ಇಳಿಸಿ ಹೋಗುತ್ತದೆ. ಕಾಫಿ ಹೂ ಬಿಡಿಸುವ ಬೇಸಿಗೆಯ ಹೂಮಳೆ ಬಿದ್ದ ಮರುದಿನವಂತೂ ಮೇಲಿನ ಮರಳು ತೊಳೆದು ಹೊಸದೇನಾದರೂ ಕಂಡೇ ಕಾಣುತ್ತದೆ. ತೋಟದವರು ಹೂಮಳೆಗೆ ಕಾಯುವುದು ಫಸಲಿಗಾಗಿ, ನಾನು ಕಾಯುವುದು ಇದಕ್ಕಾಗಿ. ಇತ್ತೀಚೆಗೆ ಹೋಮ್‌ಸ್ಟೇಗೆ ಬಂದವರು ನೀರಾಟವಾಡಿ ಒಂಟಿ ಚಪ್ಪಲಿ ಬಿಟ್ಟು ಹೋಗುವುದು ವಿಪರೀತವಾಗಿದೆ. ಮುಂದೆ ಯಾರಾದರೂ ಇಲ್ಲಿ ಉತ್ಖನನ ಮಾಡಿದರೆ, ಈ ಕಾಲದ ಜನರಿಗೆ ಒಂದೇ ಕಾಲು ಇತ್ತು ಎಂದು ಬರೆಯುವುದು ಖಂಡಿತ.

ಈ ಚಟದ ದೊಡ್ಡ ಶತ್ರು ಜನರ ಒಳ್ಳೆಯತನ. ಸುಮ್ಮನೆ ಹುಡುಕಲು ಬಿಡುವುದೇ ಇಲ್ಲ. ಹೋದ ಬೇಸಿಗೆಗೆ ಹಿಂದಿನ ಬೇಸಿಗೆಯಲ್ಲಿ ಹೀಗೇ ಆಯಿತು. ಮೆಣಸಿನ ವ್ಯಾಪಾರದ ಇಮ್ತಿಯಾಜ್ ತನ್ನ ಪಿಕಪ್ ಗಾಡಿ ತೊಳೆಯುತ್ತಿದ್ದವನು ನನ್ನ ಬಗ್ಗಿದ ಬೆನ್ನು ಕಂಡು ಕೂಗಿದ.

"ಏನ್ ಕಳ್ಕೊಂಡ್ರಿ ಟೀಚರಮ್ಮ?"

"ಏನಿಲ್ಲಪ್ಪ, ಸುಮ್ನೆ ನೋಡ್ತಿದೀನಿ."

"ಸುಮ್ನೆ ಯಾರಾದ್ರೂ ಬಿಸ್ಲಲ್ಲಿ ಬಗ್ತಾರಾ? ಮನೇಲಿ ಹೇಳಲ್ಲ ಬಿಡಿ, ಹುಡ್ಕಾಣ."

ಹೊಳೆಗೆ ಬರುವಾಗ ನಾನು ಕಿವಿಯದು ಬಿಚ್ಚಿಟ್ಟು ಬರುತ್ತೇನೆ. ಬಟ್ಟೆ ಒಗೆಯುತ್ತಿದ್ದ ಜಯಮ್ಮ ನನ್ನ ಬೋಳುಕಿವಿ ನೋಡಿದವಳೇ, "ಅಯ್ಯೋ ಶಿವನೇ, ಎರಡೂ ಹೋಗ್ಬುಟ್ವಾ!" ಎಂದು ಎದೆ ಮೇಲೆ ಕೈಯಿಟ್ಟಳು. ಕಳೆದಿಲ್ಲ ಕಣೇ, ಮನೆಯಲ್ಲೇ ಇವೆ ಎಂದು ನಾನು ಎಷ್ಟು ಹೇಳಿದರೂ, ಗಂಡನ ಹೆದರಿಕೆಗೆ ಹೀಗೆ ಹೇಳುತ್ತಿದ್ದಾಳೆ ಎಂದು ಇಬ್ಬರೂ ತೀರ್ಮಾನಿಸಿಬಿಟ್ಟರು. ಇಮ್ತಿಯಾಜ್ ಪ್ಯಾಂಟು ಮಡಚಿ ನೀರಿಗಿಳಿದ. ಜಯಮ್ಮ ಒಗೆಯುವ ಕಲ್ಲಿನ ಸುತ್ತ ಕೈಯಾಡಿಸತೊಡಗಿದಳು. ಮನೆಯ ಡಬ್ಬಿಯಲ್ಲಿ ಭದ್ರವಾಗಿದ್ದ ನನ್ನ ಓಲೆಗಳನ್ನು ನಾವು ಮೂವರೂ ಹೊಳೆಯಲ್ಲಿ ಹುಡುಕಿದೆವು. ನಾನೂ ಹುಡುಕಿದೆ ಎನ್ನುವುದೇ ತಮಾಷೆ.

ಹುಡುಕುತ್ತಾ ಜಯಮ್ಮ ತನ್ನ ಕಥೆ ತೆಗೆದಳು. ಮದುವೆಯಾದ ಹೊಸತರಲ್ಲಿ ಇದೇ ಕಲ್ಲಿನ ಹತ್ತಿರ ರಗ್ಗು ಒಗೆಯುವಾಗ ಅವಳ ಒಂದು ಓಲೆ ಬಿದ್ದುಹೋಗಿತ್ತು. ಅತ್ತೆ ನಿಂಗಮ್ಮ ತನ್ನ ಕಿವಿಯಿಂದ ಬಿಚ್ಚಿ ಸೊಸೆಗೆ ಹಾಕಿದ್ದ ಕೆಂಪುಕಲ್ಲಿನ ಓಲೆ. ಗ್ರಹಚಾರಕ್ಕೆ ಅದೇ ತಿಂಗಳು ಯಸಳೂರಿನಲ್ಲಿ ಜಯಮ್ಮನ ಅಣ್ಣ ಮನೆಗೆ ಹೆಂಚು ಹೊದಿಸಿದ. ಅತ್ತೆಗೆ ಇಷ್ಟು ಸಾಕಾಯಿತು. ಓಲೆ ತವರಿಗೆ ಹೋಗಿ ಹೆಂಚಾಗಿದೆ ಎಂದು ತೀರ್ಪು ಕೊಟ್ಟರು. ಜಯಮ್ಮನೇ ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ. ತೀರ್ಪು ಮಾತ್ರ ಬದಲಾಗಿಲ್ಲ.

"ಯಸಳೂರು ಬಸ್ಸಿನ ಹಾರನ್ ಕೇಳಿದ್ರೆ ಸಾಕು ಟೀಚರಮ್ಮ, 'ಹೋಯ್ತು ನೋಡು ನನ್ನ ಓಲೆ, ಸೀಟ್ ಹಿಡ್ಕಂಡು' ಅಂತದೆ ಮುದ್ಕಿ," ಎಂದು ಜಯಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಬೈದ್ರೆ ಬೈಲಿ. ಕಳ್ಳಿ ಅನ್ನಿಸ್ಕಂಡೇ ಸಾಯ್ಬೇಕಲ್ಲ ಅಂತ ಒಂದ್ ಸಂಕ್ಟ ಐತೆ ನೋಡಿ," ಅಂದಳು.

ಅವತ್ತಿನಿಂದ ನನ್ನ ಚಟಕ್ಕೊಂದು ಕೆಲಸ ಸಿಕ್ಕಿತು. ಎತ್ತಿನ ಲಾಳ ಕಂಡರೂ ದಾಟಿ ಹೋದೆ. ಕೆಂಪಗಿನದು ಏನು ಕಂಡರೂ ಬಗ್ಗಿದೆ, ಬಳೆಚೂರು, ಬಾಟಲಿ ಮುಚ್ಚಳ, ಒಮ್ಮೆಯಂತೂ ಹಣ್ಣಾದ ಮೆಣಸಿನಕಾಯಿ. ಯಜಮಾನರು, "ಹೊಳೆ ಅದನ್ನ ಗೊರೂರು ಅಣೆಕಟ್ಟು ದಾಟಿಸಿ ಯಾವ ಕಾಲವಾಯ್ತೋ" ಎಂದರು. ಪಂಪು ಬಲ್ಲವರಿಗೆ ಹೊಳೆಯೂ ಒಂದು ಪೈಪು. ಓಲೆ ಭಾರ, ಕಲ್ಲಿನ ಸಂದಿಯಲ್ಲಿ ಕೂರುತ್ತದೆ ಎಂದು ನಾನು ವಾದಿಸಿದೆ. ಒಳಗೊಳಗೆ ನನಗೂ ನಂಬಿಕೆಯಿರಲಿಲ್ಲ.

ಈ ವರ್ಷ ಹೂಮಳೆಯ ಮರುದಿನ ಸಿಕ್ಕಿತು ಕಣ್ರೀ! ಒಂದು ಕಲ್ಲಿನ ಬುಡದಲ್ಲಿ ಪುಟ್ಟದೊಂದು ದುಂಡು. ಎತ್ತಿ ಸೆರಗಿನಲ್ಲಿ ಒರೆಸಿದರೆ ಚಿನ್ನದ ಓಲೆ. ಕಲ್ಲಿಗೆ ಮೆತ್ತಿದ ಕೆಸರು ಬಿಡಿಸುವಷ್ಟು ತಾಳ್ಮೆ ಎಲ್ಲಿತ್ತು? ಸೆರಗು ಸಿಕ್ಕಿಸಿ ಜಯಮ್ಮನ ಮನೆಗೆ ಓಡಿದೆ. ಸೊಂಟನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

ಜಯಮ್ಮ ಅದನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಲ್ಲಿ ಕೆಸರು ಉಜ್ಜಿ ನೋಡಿದಳು. ಅವಳ ಮುಖ ಅರಳಿತು, ಹಾಗೇ ಇಳಿಯಿತು. "ಇದು ಬಿಳೀ ಕಲ್ಲಿಂದು. ನಂದಲ್ಲ."

ನನಗೆ ಅಳುವೇ ಬಂತು. ಜಗಲಿಯ ಮೇಲೆ ಕೂತಿದ್ದ ನಿಂಗಮ್ಮಜ್ಜಿಗೆ ಕಣ್ಣು ಮಬ್ಬು. ಬಣ್ಣವೆಲ್ಲಿ ತಿಳಿಯುತ್ತದೆ, ಇದೇ ಎಂದು ಹೇಳಿಬಿಡು ಎಂದು ಜಯಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ.

"ತೆಗೀರಿ ಅತ್ಲಾಗೆ! ಇಷ್ಟ್ ವರ್ಷ ನಿಜ ಹೇಳಿ ಕಳ್ಳಿ ಆಗೀನಿ. ಈಗ ಸುಳ್ಳು ಹೇಳಿ ಒಳ್ಳೇಳಾಗಾದಾ?" ಅಂದವಳು ನೆಟ್ಟಗೆ ಹೋಗಿ ಓಲೆಯನ್ನು ಅತ್ತೆಯ ಕೈಗೇ ಹಾಕಿದಳು. "ನೋಡು ಅತ್ತೆ, ಹೊಳೇಲಿ ಸಿಕ್ತಂತೆ. ನಮ್ದಲ್ಲ."

ಅಜ್ಜಿ ಬೆರಳಲ್ಲಿ ತಡವಿ ತಡವಿ ನೋಡಿದರು. "ನಮ್ದಲ್ಲ, ಕಲ್ಲು ಸಣ್ಣದು. ಹಿಂದ್ಗಡೆ ತಿರುಪೇ ಇಲ್ವಲ್ಲ. ಸಡ್ಲಾಗಿ ಬಿದ್ದೋಗೈತೆ." ಓಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಪಾಪ, ಯಾರ್ ಮನೆ ಸೊಸೆನೋ. ಎಷ್ಟ್ ಬೈಸ್ಕಂಡ್ಲೋ ಏನೋ," ಎಂದರು.

ನಾನು ಜಯಮ್ಮನ ಮುಖ ನೋಡಿದೆ. ಅವಳಿಗೆ ಬರಬೇಕಾಗಿದ್ದ 'ಪಾಪ' ಎನ್ನುವ ಮಾತು ಗೊತ್ತಿಲ್ಲದ ಯಾವಳಿಗೋ ಹೋಯಿತಲ್ಲ! ಅವಳು ತುಟಿ ಕಚ್ಚಿಕೊಂಡು ಕಾಫಿ ಕಾಯಿಸಲು ಒಳಗೆ ಹೋದಳು. ನನಗೆ ಮುದುಕಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಕಾಫಿ ಬೇಡವೆಂದು ಎದ್ದು ಬರಬೇಕೆನ್ನಿಸಿತು. ಕುಡಿದೇ ಬಂದೆ, ಆ ಮಾತು ಬೇರೆ.

ಓಲೆಯನ್ನು ಅಜ್ಜಿ ಬಿಟ್ಟುಕೊಡಲಿಲ್ಲ. ಕಳೆದುಕೊಂಡವಳು ಸಿಗುವವರೆಗೆ ತನ್ನ ಹತ್ತಿರವೇ ಇರಲಿ ಎಂದು ಸೆರಗಿಗೆ ಗಂಟು ಹಾಕಿಕೊಂಡರು. ಈಗ ಅವರಿಗೆ ಅದೇ ಉದ್ಯೋಗ. ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವ ಹೆಂಗಸರನ್ನೆಲ್ಲ ಕರೆದು ವಿಚಾರಿಸುತ್ತಾರೆ. ಗುರುತು ಹೇಳಿದವಳು ಇನ್ನೂ ಸಿಕ್ಕಿಲ್ಲ.

ಮೊನ್ನೆ ಜಯಮ್ಮ ಸಂತೆಗೆಂದು ಪೇಟೆಗೆ ಬಂದವಳು ನನ್ನನ್ನು ಕಂಡು, ಚೀಲವನ್ನು ರಸ್ತೆಯಲ್ಲೇ ಇಟ್ಟು ಕೈ ಹಿಡಿದುಕೊಂಡಳು. ಹಿಂದಿನ ದಿನ ದೋಣಿಗಲ್ ಕಡೆಯ ಹೊಸ ಸೊಸೆಯೊಬ್ಬಳನ್ನು ಅಜ್ಜಿ ಜಗಲಿಗೆ ಕರೆದಿದ್ದರಂತೆ. ಹುಡುಗಿ ಹೆದರಿಕೊಂಡು ನಂದಲ್ಲ, ನಂದಲ್ಲ ಎನ್ನುತ್ತಿದ್ದಳಂತೆ. ಜಯಮ್ಮ ಒಳಗೆ ಒಲೆಯ ಮುಂದೆ ಇದ್ದಳು.

"ಆಗ ಮುದ್ಕಿ ಏನಂತು ಗೊತ್ತಾ? 'ನಿಂದಾದ್ರೆ ಹೇಳ್ಕಳವ್ವ, ಹೆದರ್ಬ್ಯಾಡ. ಹೊಳೆ ತಿಂದಿದ್ದಕ್ಕೆ ನೀನೇನ್ ಮಾಡ್ತೀಯ? ನಮ್ಮನೇಲೂ ಒಂದು ಹಂಗೇ ಹೋಗೈತೆ, ಪಾಪ ನಮ್ಮ ಹುಡ್ಗಿ ಕೈಲಿ' ಅಂತು."

ಜಯಮ್ಮನ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ನೀನೇನು ಮಾಡಿದೆ ಎಂದು ಕೇಳಿದೆ.

"ಏನ್ ಮಾಡದು? ಸಾರು ಉಕ್ಕಿ ಒಲೇನೇ ಆರೋಗ್ತಿತ್ತು. ಏಳಕ್ಕೇ ಆಗ್ಲಿಲ್ಲ ನಂಗೆ. ಹೋಗ್ಲಿ, ಇವತ್ತೊಂದಿನ ಎಲ್ರೂ ಮಜ್ಜಿಗೆ ಅನ್ನ ತಿನ್ಲಿ ಅಂತ ಅಲ್ಲೇ ಕೂತ್ಕಂಡು ಕೇಳುಸ್ಕಂಡೆ."