ಹುಳಿ ಬಂದ ಮೊಸರನ್ನದ ಸಾಕ್ಷಿ

ನಾನು ನಿಂತಿದ್ದದ್ದು ಸೌದಿಯ ಜುಬೈಲಿನಲ್ಲಿ, ನಮ್ಮ ಕಾರ್ಖಾನೆಯ ಕಡಲ ನೀರಿನ ಕೊಳದ ಉತ್ತರ ದಿಕ್ಕಿನ ಮೆಟ್ಟಿಲ ಮೇಲೆ. ಮೇಲಿನಿಂದ ಎಣಿಸಿದರೆ ಮೂರನೆಯದು. 1993ರ ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಅಲ್ಲಿ ಭಾನುವಾರ ಕೆಲಸದ ದಿನ. ಗಂಟೆಗೊಮ್ಮೆ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಂದು ಹತ್ತು ಗಂಟೆಯದನ್ನು ಹತ್ತು ನಿಮಿಷ ತಡವಾಗಿ ಬರೆಯುತ್ತಿದ್ದೆ. ಸಮಯ ಇಷ್ಟು ಸರಿಯಾಗಿ ನೆನಪಿರುವುದು ಅದರಿಂದ.

ಕೊಳವೆಂದರೆ ಯಂತ್ರಗಳನ್ನು ತಂಪು ಮಾಡಲು ಕಡಲ ನೀರು ತಂದು ನಿಲ್ಲಿಸುವ ದೊಡ್ಡ ಕಾಂಕ್ರೀಟ್ ತೊಟ್ಟಿ. ಉದ್ದ ಅರುವತ್ತು ಹೆಜ್ಜೆ, ಅಗಲ ನಲವತ್ತು. ನಾನು ನಿಂತಲ್ಲಿಂದ ನಾಲ್ಕೂ ಗೋಡೆಗಳು ಕಾಣುತ್ತಿದ್ದವು. ಎದುರಿನ ಅಂಚಿನಲ್ಲಿ ಕಬ್ಬಿಣದ ಹಲಗೆಯ ಮೇಲೆ ಒಬ್ಬ ಇಂಗ್ಲಿಷ್ ಎಂಜಿನಿಯರ್ ಬಗ್ಗಿ ಏನನ್ನೋ ಅಳೆಯುತ್ತಿದ್ದ. ಹಲಗೆ ವಾಲಿತು, ಅವನು ನೀರಿಗೆ ಬಿದ್ದ. ಹಳದಿ ಹೆಲ್ಮೆಟ್ ಮೇಲೆ ಬಂತು. ಅವನು ಬರಲಿಲ್ಲ.

ನನ್ನ ಕೋಣೆಯ ಜೊತೆಗಾರ, ಉಳ್ಳಾಲದವನು, ಪಂಪಿನ ಆಪರೇಟರ್. ಬಿದ್ದದ್ದನ್ನು ಅವನೂ ಕಂಡ. ಕಂಡವನೇ ಪಂಪು ನಿಲ್ಲಿಸಲು ಓಡಿದ. ಪಶ್ಚಿಮದ ಗೋಡೆಯ ಬಳಿ ಇದ್ದ ಪೇಶಾವರದ ಕ್ರೇನ್ ಚಾಲಕ ತೇಲುವ ಬಳೆ ಎಸೆದ. ನನಗೆ ಈಜು ಬರದು. ಎಲ್ಲಿ ತಲೆ ಕಂಡರೂ ಕೂಗಿ ಹೇಳಬೇಕೆಂದು ಆ ಮೆಟ್ಟಿಲ ಮೇಲೆಯೇ ನಿಂತು ನಾಲ್ಕೂ ಕಡೆ ನೋಡುತ್ತಿದ್ದೆ. ಮುಳುಗುಗಾರರು ಬಂದು ನನ್ನನ್ನು ಪಕ್ಕಕ್ಕೆ ಸರಿಸುವವರೆಗೂ ಕದಲಲಿಲ್ಲ. ನೀರು ಕದಡಿತ್ತು, ಅವರಿಗೂ ಸಿಗಲಿಲ್ಲ. ಆರನೆಯ ದಿನ, ಪಂಪಿಗೆ ಹೋಗುವ ನೀರನ್ನು ಸೋಸುವ ದೂರದ ಜಾಲರಿ ಎತ್ತಿದಾಗ ದೇಹ ಸಿಕ್ಕಿತು. ಮುಖದಿಂದ ಗುರುತು ಹಿಡಿಯುವಂತಿರಲಿಲ್ಲ. ತೊಟ್ಟಿದ್ದ ಕವರಾಲಿನ, ಅಂದರೆ ಕೆಲಸದ ಉಡುಪಿನ, ಮೇಲಿದ್ದ ಹೆಸರು ನೋಡಿ ಕಂಪನಿ ಕಾಗದ ಮಾಡಿ ಊರಿಗೆ ಕಳಿಸಿತು.

ಆ ಮನುಷ್ಯ ಬಂದು ಒಂದು ತಿಂಗಳಾಗಿತ್ತಷ್ಟೆ. ನನಗೆ ಗೊತ್ತಿದ್ದದ್ದು ಊಟದ ಕೋಣೆಯಲ್ಲಿ ಕಂಡಷ್ಟೇ. ಮಾಂಸ ಮುಟ್ಟುತ್ತಿರಲಿಲ್ಲ. ಹಣ್ಣು, ಸಿಪ್ಪೆ ಬಿಡಿಸದ ಬೇಯಿಸಿದ ಮೊಟ್ಟೆ, ತನ್ನದೇ ಡಬ್ಬಿಯ ಬಿಸ್ಕತ್ತು. ತಿಪಟೂರಿನ ಸಸ್ಯಾಹಾರಿಯಾದ ನನ್ನ ಮೇಜಿಗೇ ಬಂದು ಕೂರುತ್ತಿದ್ದ. ನಾನು ಭಟ್ಟನಲ್ಲವೆಂದು ಎಷ್ಟು ಹೇಳಿದರೂ ನನ್ನನ್ನು ‘ಭಟ್ರೇ’ ಎಂದೇ ಕರೆಯುತ್ತಿದ್ದ ಉಳ್ಳಾಲದವನು, ಇಂಗ್ಲೆಂಡಿನಿಂದ ನನಗೊಬ್ಬ ಸೋದರ ಭಟ್ಟ ಬಂದಿದ್ದಾನೆಂದು ಕ್ಯಾಂಪಿಗೆಲ್ಲ ಸಾರಿದ್ದ.

ಮರುವರ್ಷ ನಮ್ಮ ಹಿರಿಯ ಎಂಜಿನಿಯರ್ ರಜೆ ಮುಗಿಸಿ ಬಂದ. ಅವನೂ ಇಂಗ್ಲೆಂಡಿನವನು, ಸತ್ತವನ ಗೆಳೆಯ. ನನ್ನನ್ನು ಆಫೀಸಿಗೆ ಕರೆದು, ಬಾಗಿಲು ಹಾಕಿ, ಮೆತ್ತಗೆ ವಿಷಯ ಹೇಳಿದ. ತೀರಿಕೊಂಡವನು ಯಹೂದಿ. ಅದನ್ನು ಅವನು ಇಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ. ಅವನ ಹೆಂಡತಿಗೆ ಮೂವತ್ತೊಂದು ವರ್ಷ. ಅವರ ಧರ್ಮದ ಕಾನೂನಿನಲ್ಲಿ ಗಂಡ ಸತ್ತನೆಂಬುದು ಖಚಿತವಾಗದೆ ಹೆಂಡತಿ ಇನ್ನೊಂದು ಮದುವೆಯಾಗುವಂತಿಲ್ಲ. ವಿಧವೆಯೂ ಅಲ್ಲ, ಹೆಂಡತಿಯೂ ಅಲ್ಲ, ಹಾಗೇ ಉಳಿಯಬೇಕು. ಸರ್ಕಾರದ ಕಾಗದಕ್ಕೂ ಆಧಾರ ಕವರಾಲ್ ಒಂದೇ. ಆದರೆ ಬಟ್ಟೆಯಿಂದ ಗುರುತು ಹಿಡಿಯುವುದನ್ನು ಅವರ ಧರ್ಮಗುರು, ಅಂದರೆ ರಬ್ಬಿ, ಒಪ್ಪುತ್ತಿಲ್ಲ. ಬಟ್ಟೆಯನ್ನು ಯಾರಾದರೂ ಎರವಲು ತೊಟ್ಟಿರಬಹುದು ಎನ್ನುತ್ತಾರೆ.

ರಾತ್ರಿ ಕೋಣೆಯಲ್ಲಿ ನಾನು ಇದನ್ನು ಹೇಳಿದಾಗ ಉಳ್ಳಾಲದವನು ನಕ್ಕುಬಿಟ್ಟ. ಆ ಹೊತ್ತು ಅವನು ತೊಟ್ಟಿದ್ದದ್ದು ನನ್ನ ಕವರಾಲ್. ನನ್ನ ಹೆಸರು ಅವನ ಎದೆಯ ಮೇಲಿತ್ತು.

“ಆ ರಬ್ಬಿ ನಮ್ಮ ಕ್ಯಾಂಪಿನಲ್ಲಿ ಇದ್ದು ಹೋಗಿದ್ದಾರಾ ಎಂತ?” ಎಂದ.

ಹೆಂಡತಿಯ ಮನೆಯವರ ಕೋರಿಕೆ ಇಷ್ಟೇ: ಕಂಡದ್ದನ್ನು ಬರೆದುಕೊಡಬೇಕು. ಸಂತೋಷದಿಂದ ಒಪ್ಪಿದೆ. ಒಂದು ಕೆಲಸ ಹಿಡಿದರೆ ಸರಿಯಾಗಿ ಮಾಡಬೇಕು ಎನ್ನುವವನು ನಾನು. ಮೂರು ದಿನ ಕರಡು ತಿದ್ದಿದೆ. ಟೈಪ್ ಮಾಡಿಸಿದೆ. ದೇವರ ಮೇಲೆ ಪ್ರಮಾಣ ಮಾಡಿದೆ. ಆ ಸ್ತ್ರೀಯ ಮರುವಿವಾಹಕ್ಕೆ ಅನುಕೂಲವಾಗಲೆಂದು ಈ ಹೇಳಿಕೆ ನೀಡುತ್ತಿದ್ದೇನೆ ಎಂಬ ವಾಕ್ಯವನ್ನು ನಾನಾಗಿಯೇ ಸೇರಿಸಿದೆ. ಅದು ನನಗೆ ಬಹಳ ಮೆಚ್ಚುಗೆಯಾಗಿತ್ತು. ದಮ್ಮಾಮಿಗೆ ಹೋಗಿ ಸಹಿ ದೃಢೀಕರಿಸಿಕೊಂಡು, ಕಂಪನಿಯ ಮೊಹರನ್ನೂ ಹಾಕಿಸಿದೆ. ಒಟ್ಟು ಮೂರು ಮೊಹರು, ಒಂದು ಕೆಂಪು.

ಎರಡು ತಿಂಗಳ ಮೇಲೆ ಉತ್ತರ ಬಂತು. ಟಪಾಲಿನಲ್ಲಲ್ಲ, ಅಲ್ಲಿ ತೆರೆದು ನೋಡುವವರ ಕೈಗೆ ಸಿಗಬಾರದೆಂದು ಹಿರಿಯ ಎಂಜಿನಿಯರ್ ಬಹರೈನ್‌ಗೆ ಹೋಗಿ ಬರುವಾಗ ಜೇಬಿನಲ್ಲಿ ತಂದ. ರಬ್ಬಿ ಕೈಯಾರೆ ಬರೆದ ಎರಡು ಹಾಳೆ. ಬಲದಿಂದ ಎಡಕ್ಕೆ ಹೋಗುವ ಹೀಬ್ರೂ ಲಿಪಿ, ಕಪ್ಪು ಶಾಯಿ, ಅಂಚಿನಲ್ಲೂ ಅಡ್ಡಡ್ಡವಾಗಿ ಬರೆದ ಟಿಪ್ಪಣಿಗಳು. ಪ್ರತಿ ಸಾಲಿನ ಕೆಳಗೂ ಹೆಂಡತಿಯ ಮನೆಯವರು ಯಾರೋ ಪೆನ್ಸಿಲ್ಲಿನಲ್ಲಿ ಇಂಗ್ಲಿಷ್ ಅರ್ಥ ಬರೆದಿದ್ದರು. ರಬ್ಬಿ ಮೊದಲು ನನಗೆ ವಂದನೆ ಹೇಳಿದ್ದರು. ಇಷ್ಟು ಅಚ್ಚುಕಟ್ಟಾದ ಹೇಳಿಕೆಯನ್ನು ತಾವು ನೋಡಿಲ್ಲ ಎಂದಿದ್ದರು. ಆಮೇಲೆ, ಇದರಿಂದ ಯಾವ ಉಪಯೋಗವೂ ಇಲ್ಲ ಎಂದಿದ್ದರು.

ಕಾರಣ ಹೀಗಿತ್ತು. ಇಂಥ ವಿಷಯದಲ್ಲಿ ಅವರ ಧರ್ಮದ ಹೊರಗಿನವನ ಮಾತೂ ನಡೆಯುತ್ತದೆ. ಆದರೆ ಅವನು ಯಾರೂ ಕೇಳದೆ, ಯಾವ ಉದ್ದೇಶವೂ ಇಲ್ಲದೆ, ಬೇರೆ ಮಾತಿನ ನಡುವೆ ತಾನಾಗಿ ಆಡಿದ್ದರೆ ಮಾತ್ರ. ಸಾಕ್ಷಿ ಹೇಳಬೇಕೆಂದು ಹೇಳಿದರೆ, ಅದರಲ್ಲೂ ಆ ಹೆಣ್ಣಿಗೆ ಅನುಕೂಲವಾಗಲಿ ಎಂದು ಹೇಳಿದರೆ, ನಡೆಯುವುದಿಲ್ಲ. ನಾನು ಹಾಕಿಸಿದ ಒಂದೊಂದು ಮೊಹರೂ ಆ ಹೆಂಗಸಿನ ಬಾಗಿಲಿಗೆ ಒಂದೊಂದು ಬೀಗ ಜಡಿದ ಹಾಗಾಗಿತ್ತು.

ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆಯಿತ್ತು: ಈತ ಯಾರೂ ಕೇಳುವ ಮೊದಲೇ ಇದನ್ನು ಯಾರಿಗಾದರೂ ಹೇಳಿದ್ದನೆ? ಹೊಸದಾಗಿ ಏನನ್ನೂ ಬರೆಸಬೇಡಿ.

ಕೋಣೆಗೆ ಬಂದು ಮಂಕಾಗಿ ಕುಳಿತೆ. ಉಳ್ಳಾಲದವನು ತಾನಾದರೆ ಇಡೀ ಕ್ಯಾಂಪಿಗೆ ಹೇಳಿದ್ದೇನೆ, ತನ್ನನ್ನೇ ಕೇಳಲಿ ಎಂದ. ಆದರೆ ಬಿದ್ದದ್ದನ್ನು ಕಂಡ ಮೇಲೆ ಅವನು ಪಂಪಿನ ಕೋಣೆಯಲ್ಲಿದ್ದ. ನೀರಿನಿಂದ ಯಾರೂ ಮೇಲೆ ಬರಲಿಲ್ಲ ಎನ್ನಲು ನಿಂತು ನೋಡಿದವನೇ ಬೇಕಿತ್ತು. ಅವನು ಟೀ ಮಾಡಿಕೊಟ್ಟು ಎದುರಿಗೆ ಕೂತ.

“ಭಟ್ರೇ, ಅವತ್ತು ಸಾಯಂಕಾಲ ನೀವು ಮನೆಗೆ ಕಾಗದ ಬರೀಲಿಲ್ವಾ? ಅಕ್ಷರ ಸರಿ ಬರೂದಿಲ್ಲ ಅಂತ ಎರಡು ಹಾಳೆ ಹರಿದು ಬಿಸಾಡಿದ್ದು ನಾನೇ ಗುಡಿಸಿದ್ದು ಮಾರಾಯ್ರೆ.”

ಬರೆದಿದ್ದೆ. ಅದನ್ನು ಕಳಿಸು ಎಂದು ಹೆಂಡತಿಗೆ ಪತ್ರ ಹಾಕಿದೆ. ಕಾರಣ ತಿಳಿಸಲಿಲ್ಲ, ರಬ್ಬಿಯ ನಿಯಮ ಇನ್ನೆಲ್ಲಿಗೆ ತಗಲುತ್ತದೋ ಎಂಬ ಭಯ. ಅವಳು ನನ್ನ ಕಾಗದಗಳನ್ನೆಲ್ಲ ವರ್ಷವಾರು ಕಟ್ಟಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದಳು. ಮೂರು ವಾರದಲ್ಲಿ ಬಂತು. ಜೊತೆಗೊಂದು ಚೀಟಿ: “ಯಾಕೆ ಅಂತ ಕೇಳಲ್ಲ. ನಮ್ಮಣ್ಣನ ಬಗ್ಗೆ ಬರೆದಿದೀರಲ್ಲ, ಅದು ಮಾತ್ರ ಹೊರಗಿನೋರ ಕಣ್ಣಿಗೆ ಬೀಳಬಾರದು.”

ಕಾಗದ ಬಿಡಿಸಿ ಓದಿದೆ. ಶುರುವಿನಲ್ಲಿ ಚಟ್ನಿಪುಡಿಗೆ ಉಪ್ಪು ಹೆಚ್ಚಾಗಿದೆ ಎಂದಿತ್ತು. ಆಮೇಲೆ ಮಗಳ ಕಿವಿ ಚುಚ್ಚಿಸುವ ವಿಚಾರ. ನಂತರ ಹೀಗಿತ್ತು: “ಈ ದಿನ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದ ಇಂಗ್ಲಿಷಿನವನು ಕೊಳಕ್ಕೆ ಬಿದ್ದು ತೀರಿಕೊಂಡ, ಪಾಪ. ನಾನು ಉತ್ತರದ ಮೆಟ್ಟಿಲು ಬಿಟ್ಟು ಕದಲಲಿಲ್ಲ. ನಾಲ್ಕೂ ಕಡೆ ನೋಡುತ್ತಲೇ ನಿಂತಿದ್ದೆ. ಯಾರೂ ಮೇಲೆ ಬರಲಿಲ್ಲ. ಡಬ್ಬಿ ಬಿಸಿಲಿನಲ್ಲೇ ಇತ್ತು. ಆಗಷ್ಟೇ ಕಲಸಿ ತಂದಿದ್ದ ಮೊಸರನ್ನ, ನಾನು ಮೆಟ್ಟಿಲು ಇಳಿಯುವ ಹೊತ್ತಿಗೆ ಹುಳಿ ಬಂದು ತಿನ್ನುವ ಹಾಗಿರಲಿಲ್ಲ.” ಅದರ ಕೆಳಗೆ ನಾಲ್ಕು ಸಾಲು ನನ್ನ ಭಾವಮೈದುನನ ವಿಷಯ. ನನ್ನ ಸ್ಕೂಟರನ್ನು ಕೇಳದೆ ತೆಗೆದುಕೊಂಡು ಹೋಗಿ ಚರಂಡಿಗೆ ಬೀಳಿಸಿದ್ದ. ಅವನನ್ನು ನಾನು ಎರಡು ಪ್ರಾಣಿಗಳಿಗೂ ಒಂದು ಅಡುಗೆ ಪಾತ್ರೆಗೂ ಹೋಲಿಸಿದ್ದೆ.

ಹೆಂಡತಿಯ ಮಾತು ಮೀರಲಾರದೆ ಆ ನಾಲ್ಕು ಸಾಲಿನ ಮೇಲೆ ಕಪ್ಪು ಶಾಯಿ ಬಳಿದೆ. ಚೆನ್ನಾಗಿಯೇ ಬಳಿದೆ, ಎರಡು ಸಲ. ಹಿರಿಯ ಎಂಜಿನಿಯರ್ ಕೈಯಲ್ಲಿ ಕೊಟ್ಟು ಕಳಿಸಿದೆ.

ಮುಂದಿನ ಪತ್ರ ಬಂತು. ರಬ್ಬಿ ನನ್ನ ಕಾಗದವನ್ನು ಇಂಗ್ಲೆಂಡಿನಲ್ಲೇ ಇದ್ದ ಧಾರವಾಡದ ವೈದ್ಯರೊಬ್ಬರಿಂದ, ಏಕೆಂದು ಹೇಳದೆ, ಓದಿಸಿದ್ದರು. ಚಟ್ನಿಪುಡಿಯ ಮಾತು ರಬ್ಬಿಗೆ ಬಹಳ ಹಿಡಿಸಿತ್ತು. ಮನಸ್ಸಿನಲ್ಲಿ ಉದ್ದೇಶವಿಟ್ಟುಕೊಂಡವನು ಉಪ್ಪಿನಿಂದ ಶುರು ಮಾಡುವುದಿಲ್ಲ ಎಂದು ಅಂಚಿನಲ್ಲಿ ಬರೆದಿದ್ದರು. ಆದರೆ ಸಾವಿನ ಸುದ್ದಿಗೆ ತಾಗಿಕೊಂಡೇ ನಾಲ್ಕು ಸಾಲು ಅಳಿಸಿದೆ. ಅಲ್ಲಿ ಏನಿತ್ತು? ‘ಆಮೇಲೆ ಅವನು ಬದುಕಿದ್ದಾನೆಂದು ಕೇಳಿದೆ’ ಎಂದೇ ಇದ್ದಿರಬಹುದಲ್ಲ? ಇದು ತಿಳಿಯುವವರೆಗೆ ಆ ಹೆಣ್ಣುಮಗಳ ವಿಷಯದಲ್ಲಿ ಏನೂ ಹೇಳಲಾಗದು. ಅಳಿಸಿದವನನ್ನು ಕೇಳಿ ಫಲವಿಲ್ಲ. ಅವನಿಗೆ ಈಗ ಎಲ್ಲ ಗೊತ್ತು.

“ನಿಮ್ಮ ಭಾವನ ಮರ್ಯಾದೆ ಉಳಿಸ್ಲಿಕ್ಕೆ ಹೋಗಿ ಆ ಹೆಂಗಸಿನ ಮದುವೆ ಮುರಿದಿರಲ್ಲ ಭಟ್ರೇ,” ಎಂದ ಉಳ್ಳಾಲದವನು. ನನಗೆ ನಗು ಬರಲಿಲ್ಲ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ದಾರಿ ತೋರಿಸಿದವನೂ ಅವನೇ. ಕಾಗದ ಬರೆದವನಿಗೆ ಎಲ್ಲ ಗೊತ್ತು, ಓದಿದವಳಿಗೆ ಏನೂ ಗೊತ್ತಿಲ್ಲವಲ್ಲ ಎಂದ. ಎಂಜಿನಿಯರ್ ಅದನ್ನು ರಬ್ಬಿಗೆ ತಿಳಿಸಿದ. ಕೇಳಿ ನೋಡಬಹುದು, ಕಾರಣ ಹೇಳಬಾರದು ಎಂದು ಉತ್ತರ ಬಂತು. ನಾನು ಹೆಂಡತಿಗೆ ಒಂದೇ ಸಾಲು ಬರೆದೆ: ನಿಮ್ಮಣ್ಣನ ಬಗ್ಗೆ ಏನು ಬರೆದಿದ್ದೆ, ನೆನಪಿದ್ದರೆ ತಿಳಿಸು.

ನೆನಪಿದ್ದರೆ ಎಂದು ಬರೆದದ್ದು ನನ್ನ ದಡ್ಡತನ. ನಾಲ್ಕು ಸಾಲನ್ನೂ ಅಕ್ಷರ ಬಿಡದೆ ಬರೆದು ಕಳಿಸಿದ್ದಳು. ಪ್ರಾಣಿಗಳು ಅದೇ ಕ್ರಮದಲ್ಲಿದ್ದವು. ಕೆಳಗೆ, “ಮರೀತೀನಿ ಅಂದ್ಕೊಂಡಿದ್ರಾ?” ಎಂದಿತ್ತು.

ಅವಳ ಲಕೋಟೆಯನ್ನು ಹಾಗೆಯೇ ಕಳಿಸಿದೆವು. ಆ ಹೊತ್ತಿಗೆ ಅಲ್ಲಿ ವೈದ್ಯರು ನನ್ನ ಕಾಗದವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬಾಲ್‌ಪೆನ್ನು ಹಿಂಬದಿಯಲ್ಲಿ ಮೂಡಿಸಿದ್ದ ಗೀರುಗಳಿಂದ ಅರ್ಧಕ್ಕರ್ಧ ಓದಿದ್ದರಂತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅವರು ಓದಿದ್ದು ಅವಳು ಬರೆದದ್ದಕ್ಕೆ ತಾಳೆಯಾಯಿತು. ಧಾರವಾಡದ ವೈದ್ಯರು ಆ ಪಾತ್ರೆಯ ಹೆಸರನ್ನು ರಬ್ಬಿಗೆ ಹೇಗೆ ವಿವರಿಸಿದರೋ ನನಗೆ ತಿಳಿಯದು.

ಉಳಿದದ್ದು ಒಂದು ಪ್ರಶ್ನೆ. ನಾಲ್ಕೂ ದಡ ಕಾಣುವ ನೀರಿನಲ್ಲಿ ಬಿದ್ದವನು ಮೇಲೆ ಬರಲಿಲ್ಲ ಎನ್ನಲು, ನೋಡಿದವನು ಜೀವ ಹೋಗುವಷ್ಟು ಹೊತ್ತು ಅಲ್ಲಿಯೇ ನಿಂತಿರಬೇಕು. ಅವರ ಲೆಕ್ಕದಲ್ಲಿ ಸುಮಾರು ಮೂರು ಗಂಟೆ. ಕಾಗದದಲ್ಲಿ ಗಂಟೆಯ ಮಾತಿರಲಿಲ್ಲ. ನಾನು ನಿಂತದ್ದು ಮೂರು ಗಂಟೆ ಮೂವತ್ತೈದು ನಿಮಿಷ, ಆದರೆ ಅದನ್ನು ನಾನು ಹೇಳುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತೆ. ರಬ್ಬಿ ಹಿಡಿದದ್ದು ಮೊಸರನ್ನವನ್ನು. ವೈದ್ಯರ ಮನೆಯಾಕೆ ತಾಜಾ ಮೊಸರಿನಲ್ಲಿ ಅನ್ನ ಕಲಸಿ ಡಬ್ಬಿಗೆ ಹಾಕಿಕೊಟ್ಟರು. ಜುಬೈಲಿನ ಜೂನ್ ಬಿಸಿಲಿಗೆ ಸಮನಾದ ಶಾಖದಲ್ಲಿಟ್ಟು, ರಬ್ಬಿಯ ಇಬ್ಬರು ಶಿಷ್ಯರು ಗಡಿಯಾರ ಹಿಡಿದು ಎದುರಿಗೆ ಕೂತರು. ಅರ್ಧ ಗಂಟೆಗೊಮ್ಮೆ ಆಕೆ ಒಂದೊಂದು ಚಮಚ ರುಚಿ ನೋಡಿ ಇನ್ನೂ ಇಲ್ಲ ಎಂದರು. ಇದನ್ನು ಎರಡು ದಿನ ಮಾಡಿದರು. ಎರಡು ಸಲವೂ ಮೂರು ಗಂಟೆ ದಾಟಿದ ಮೇಲೆಯೇ ಹುಳಿ ಎಂದದ್ದು.

ಕೊನೆಯ ಪತ್ರ ಹನ್ನೊಂದು ಹಾಳೆಯದು. ಹಿರಿಯ ಎಂಜಿನಿಯರ್ ನಮ್ಮ ಕೋಣೆಗೇ ತಂದು, ಪೆನ್ಸಿಲ್ ಸಾಲುಗಳನ್ನು ಗಟ್ಟಿಯಾಗಿ ಓದಿದ. ಉಳ್ಳಾಲದವನು ನಡುನಡುವೆ ತಡೆದು ಅರ್ಥ ಕೇಳುತ್ತಿದ್ದ. ಕೊಳಕ್ಕೆ ಎರಡು ಹಾಳೆ, ಕವರಾಲಿಗೆ ಮೂರು, ಮೊಸರನ್ನಕ್ಕೆ ಎರಡೂವರೆ. ಚಟ್ನಿಪುಡಿಗೂ ಸ್ಕೂಟರಿಗೂ ಒಂದೊಂದು ಕಂಡಿಕೆ ಸಿಕ್ಕಿತ್ತು. ಕವರಾಲ್ ಒಂದೇ ಆದರೆ ಸಾಲದು, ಕಾಗದ ಒಂದೇ ಆದರೂ ಕಷ್ಟ. ಎರಡೂ ಸೇರಿ ಸಾಕಾಯಿತು ಎಂದು ಕೊನೆಯ ಹಾಳೆಯಲ್ಲಿತ್ತು. ಆಕೆ ಸ್ವತಂತ್ರಳು, ತನಗೆ ಬೇಕಾದವನನ್ನು ಮದುವೆಯಾಗಬಹುದು.

ಓದುವುದು ನಿಲ್ಲಿಸಿ ಎಂಜಿನಿಯರ್ ಕನ್ನಡಕ ಒರೆಸಿಕೊಂಡ. ಉಳ್ಳಾಲದವನು, “ಅಲ್ಹಮ್ದುಲಿಲ್ಲಾ, ಟೀ ಇಡ್ತೇನೆ,” ಎಂದು ಎದ್ದ. ನಾನು ಆ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದೆ. ರಬ್ಬಿಯ ಸಹಿಯ ಕೆಳಗೆ ಇನ್ನಿಬ್ಬರ ಸಹಿಯಿತ್ತು. ಮೊಹರಿನ ಗುರುತು ಎಲ್ಲಿಯೂ ಇರಲಿಲ್ಲ.

ಆಕೆ 1996ರಲ್ಲಿ ಮದುವೆಯಾದಳು. ಎಂಜಿನಿಯರ್ ಹೋಗಿ ಬಂದು, ಆಕೆ ಬಹಳ ಕುಣಿದಳೆಂದು ಹೇಳಿದ. ಭಾವಮೈದುನನಿಗೆ ಈ ಕಥೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಆ ಬೆಳಿಗ್ಗೆ ಆ ಇಂಗ್ಲಿಷ್ ಮನುಷ್ಯ ಕೊಳಕ್ಕೆ ಬಿದ್ದದ್ದನ್ನು ಕಣ್ಣಾರೆ ಕಂಡವರು ನನ್ನನ್ನು ಸೇರಿಸಿ ಮೂವರು. ಪೇಶಾವರದ ಕ್ರೇನ್ ಚಾಲಕ ಊರಿಗೆ ಹೋದ ಎರಡನೆಯ ವರ್ಷ ತೀರಿಕೊಂಡನೆಂದು ಅವನ ಮಗ ಕಾಗದ ಬರೆದಿದ್ದ. ಉಳ್ಳಾಲದವನು ಇದ್ದಾನೆ, ಈಗ ಮಂಗಳೂರಿನಲ್ಲಿ ಮಗನ ಅಂಗಡಿಯಲ್ಲಿ ಕೂರುತ್ತಾನೆ, ಕಿವಿ ಸ್ವಲ್ಪ ಮಂದ. ನಾನು ತಿಪಟೂರಿನಲ್ಲಿದ್ದೇನೆ.